ಹರತಾಳದ ದಿನ ನಡೆದ ಪಾಠ

ಕಾಸರಗೋಡಿನಲ್ಲಿ ಹತ್ತನೆಯ ತನಕ ಕನ್ನಡ ಮೀಡಿಯಂನಲ್ಲಿ ಕಲಿತು, ಆಮೇಲೆ ಪ್ಲಸ್ ವನ್ (ಕರ್ನಾಟಕದಲ್ಲಿ ಮೊದಲ ಪಿಯುಸಿ) ಸಯನ್ಸಿಗೆ ಸೇರಿದವರಿಗೆ ಆ ಮೊದಲ ಕೆಲವು ವಾರ ಹೇಗಿರುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಎಸ್‌ಎಸ್‌ಎಲ್‌ಸಿ ತನಕ ಎಲ್ಲ ಸರಿಯಾಗಿಯೇ ಇರುತ್ತದೆ. ಪುಸ್ತಕ ಕನ್ನಡದ್ದು, ಪಾಠ ಕನ್ನಡದಲ್ಲಿ, ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಬರುತ್ತದೆ. ಪ್ಲಸ್ ವನ್‌ಗೆ ಹೋದ ಕೂಡಲೇ ಪುಸ್ತಕ ಇಂಗ್ಲಿಷಿನದ್ದಾಗುತ್ತದೆ. ಅದಾದರೂ ಪರವಾಗಿಲ್ಲ, ಡಿಕ್ಷನರಿ ಹಿಡಿದು ಕೂತರೆ ರಾತ್ರಿಯೊಳಗೆ ಎರಡು ಪುಟ ಅರ್ಥವಾಗುತ್ತದೆ. ಆದರೆ ಪಾಠ ನಡೆಯುವುದು ಮಲಯಾಳದಲ್ಲಿ. ಮಾಷ್, ಅಂದರೆ ಮೇಷ್ಟ್ರು, ಜೋಕ್ ಹೇಳಿದರೆ ಮುಂದಿನ ಬೆಂಚೆಲ್ಲ ನಗುತ್ತಿತ್ತು. ನಾವು ಹಿಂದಿನ ಬೆಂಚಿನವರು ಅವರ ಮುಖ ನೋಡಿಕೊಂಡು ಕೂರುತ್ತಿದ್ದೆವು.

ನನ್ನ ಮನೆಮಾತು ತುಳು. ನನ್ನ ಬೆಂಚಿನಲ್ಲಿ ಒಬ್ಬನದು ಹವ್ಯಕ, ಇನ್ನೊಬ್ಬನದು ಕೊಂಕಣಿ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೊಗಳುತ್ತಾರಲ್ಲ, ಆ ಏಳರಲ್ಲಿ ಮೂರ್ನಾಲ್ಕು ನಮ್ಮ ಬೆಂಚಿನಲ್ಲೇ ಇದ್ದವು. ಪೇಟೆಯಿಂದ ದೂರದ ಗುಡ್ಡೆ ತೋಟಗಳ ಕಡೆಯವರಾದ ನಮಗೆ ಮಲಯಾಳ ಬಸ್ಸಿನ ಕಂಡಕ್ಟರ್ ಹತ್ತಿರ ಮಾತಾಡುವಷ್ಟು ಮಾತ್ರ ಬರುತ್ತಿತ್ತು.

ನಮ್ಮನ್ನು ಆ ಎರಡು ವರ್ಷ ದಾಟಿಸಿದ್ದು ನಮ್ಮದೇ ಕ್ಲಾಸಿನ ಒಬ್ಬಳು ಹುಡುಗಿ. ಹೆಸರು ಬರೆಯುವುದಿಲ್ಲ, ಅವಳಿಗೆ ಅದು ಇಷ್ಟವಾಗುವುದಿಲ್ಲ.

ಮೆಚ್ಚುವಂಥವರು ನಮ್ಮ ಶಾಲೆಯಲ್ಲಿ ಬೇರೆಯವರೂ ಇದ್ದರು. ಉಪಜಿಲ್ಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳಿ ಎ ಗ್ರೇಡ್ ತಂದವನಿದ್ದ. ಯಕ್ಷಗಾನದಲ್ಲಿ ವೇಷ ಹಾಕಿದರೆ ಗುರುತೇ ಸಿಗದಂತೆ ಕುಣಿಯುವವಳಿದ್ದಳು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅನ್ನುವುದು ಘಟ್ಟದ ಮೇಲಿನ ಎಷ್ಟೋ ಜನರಿಗೆ ಗೊತ್ತಿಲ್ಲ. ಅಸೆಂಬ್ಲಿಯಲ್ಲಿ ಇಂಥವರ ಹೆಸರು ಕರೆಯುತ್ತಿದ್ದರು, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನಾನು ಹೇಳುತ್ತಿರುವ ಹುಡುಗಿಯ ಹೆಸರನ್ನು ಅಸೆಂಬ್ಲಿಯಲ್ಲಿ ಯಾರೂ ಕರೆದದ್ದು ನನಗೆ ನೆನಪಿಲ್ಲ. ಕ್ಲಾಸಿಗೆ ಫಸ್ಟ್ ಕೂಡ ಅವಳಲ್ಲ.

ಅವಳ ಮನೆಯಲ್ಲಿ ಮಾತಾಡುವುದು ಮಲಯಾಳ. ಹತ್ತಿರ ಇದ್ದದ್ದು ಕನ್ನಡ ಶಾಲೆ ಅಂತ ಒಂದನೆಯಿಂದ ಕನ್ನಡದಲ್ಲೇ ಕಲಿತವಳು. ನಮ್ಮ ಕಡೆ ಇದು ಹೊಸತೇನಲ್ಲ, ಹಾಗೆ ಕಲಿತವರು ಬೇಕಾದಷ್ಟಿದ್ದಾರೆ. ಹಾಗಾಗಿ ಮಾಷ್ ಹೇಳಿದ್ದು ಅವಳಿಗೆ ಕಿವಿಯಲ್ಲಿ ಅರ್ಥವಾಗುತ್ತಿತ್ತು, ಆದರೆ ಮಲಯಾಳ ಅಕ್ಷರ ಬರೆಯಲು ಬರುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ಆರಾಮಾಗಿ ಕೂತು ನಗಬಹುದಿತ್ತು ಅವಳು. ನಮ್ಮ ಸಾಲಿನ ಪಕ್ಕಕ್ಕೆ, ಹುಡುಗಿಯರ ಕೊನೆಯ ಬೆಂಚಿಗೆ ಬಂದು ಕೂತಳು. ಕೇಳಿದರೆ, "ಅಲ್ಲಿ ಫ್ಯಾನ್ ಇಲ್ಲ ಮಾರಾಯ" ಅಂದಳು. ನಮ್ಮ ಮೇಲೆಯೂ ಫ್ಯಾನ್ ಇರಲಿಲ್ಲ.

ಅವಳ ಫಿಸಿಕ್ಸ್ ನೋಟ್‌ಬುಕ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದದ ಇನ್ನೂರು ಪೇಜಿನದ್ದು, ಖಾಕಿ ಬೈಂಡು. ಎಡಗಡೆ ಪೇಜಿನಲ್ಲಿ ಮಾಷ್ ಹೇಳಿದ ಮಲಯಾಳ ಇದ್ದ ಹಾಗೇ, ಕನ್ನಡ ಅಕ್ಷರದಲ್ಲಿ. ಕ್ಲಾಸಿನಲ್ಲಿ ಓಡೋಡಿ ಬರೆದದ್ದು, ಅಕ್ಷರ ಓರೆಕೋರೆ. ಬಲಗಡೆ ಪೇಜು ರಾತ್ರಿ ಮನೆಯಲ್ಲಿ ಕೂತು ಬರೆದದ್ದು, ಅದರಲ್ಲಿ ಅಚ್ಚ ಕನ್ನಡದಲ್ಲಿ ವಿವರಣೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಲೇಬೇಕಾದ ನಿಯಮಗಳು ಮಾತ್ರ ಕೆಂಪು ಪೆನ್ನಿನಲ್ಲಿ, ಸುತ್ತ ಗೆರೆ ಹಾಕಿ. ಬೆಳಿಗ್ಗೆ ಅಸೆಂಬ್ಲಿಗೆ ಮೊದಲು ಆ ಪುಸ್ತಕ ನಮ್ಮ ಬೆಂಚಿಗೆ ಬರುತ್ತಿತ್ತು, ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದು ನಾವು ಅದನ್ನು ನಕಲು ಮಾಡುತ್ತಿದ್ದೆವು. ಬಲಗಡೆ ಪೇಜು ಅವಳಿಗೆ ಬೇಕಾಗಿಯೇ ಇರಲಿಲ್ಲ. ಅದು ನಮಗಾಗಿ ಬರೆದದ್ದು ಅಂತ ನಮಗೆ ಹೊಳೆಯಲು ತುಂಬ ಸಮಯ ಹಿಡಿಯಿತು.

ಈಗ ಆ ಹರತಾಳದ ದಿನಕ್ಕೆ ಬರುತ್ತೇನೆ.

ಪ್ಲಸ್ ಟು ಕೊನೆಯ ಪರೀಕ್ಷೆ, ಮಾರ್ಚ್ ತಿಂಗಳು. ಫಿಸಿಕ್ಸಿಗೆ ಮುಂಚಿನ ದಿನ ರಜೆ ಇತ್ತು. ಅವತ್ತು ಶಾಲೆಗೆ ಬನ್ನಿ, ಸಂಶಯ ಇದ್ದರೆ ಹೇಳಿಕೊಡುತ್ತೇನೆ ಅಂತ ಮಾಷ್ ಹೇಳಿದ್ದರು. ಹಿಂದಿನ ದಿನ ಸಂಜೆ ವಾರ್ತೆಯಲ್ಲಿ ಬಂತು, ನಾಳೆ ಹರತಾಳ. ಆಗ ಹಾಗೆಯೇ. 1997ರಲ್ಲಿ ಕೇರಳ ಹೈಕೋರ್ಟು ಬಂದ್ ಕಾನೂನುಬಾಹಿರ ಅಂದ ಮೇಲೆ ಬಂದ್ ಅನ್ನುವ ಹೆಸರು ಹೋಯಿತು, ಹರತಾಳ ಅನ್ನುವ ಹೆಸರು ಉಳಿಯಿತು. ಬಸ್ಸು ನಿಲ್ಲುವುದು, ಅಂಗಡಿ ಮುಚ್ಚುವುದು ಎಲ್ಲ ಅದೇ. ಏಳು ದಿನ ಮೊದಲೇ ನೋಟಿಸು ಕೊಡದೆ ಹರತಾಳ ಮಾಡಬಾರದು ಅಂತ ಹೈಕೋರ್ಟು ಹೇಳಿದ್ದು 2019ರಲ್ಲಿ. ನಮ್ಮ ಕಾಲದಲ್ಲಿ ಸಂಜೆ ಹೇಳಿ ಬೆಳಿಗ್ಗೆ ಮಾಡುತ್ತಿದ್ದರು. ದೊಡ್ಡವರಿಗೆ ಅದು ಮನೆಯಲ್ಲಿ ಕೂರುವ ದಿನ, ಸಣ್ಣವರಿಗೆ ಟಾರು ರೋಡಿನಲ್ಲಿ ಕ್ರಿಕೆಟ್ ಆಡುವ ದಿನ. ಮರುದಿನ ಪರೀಕ್ಷೆ ಇದ್ದವರಿಗೆ ಮಾತ್ರ ಹೊಟ್ಟೆಯೊಳಗೆ ಸಂಕಟ.

ರಾತ್ರಿ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಅವಳ ಫೋನ್ ಬಂತು. "ನಾಳೆ ಮಾಷ್ ಬರುವುದಿಲ್ಲ. ಗ್ರಂಥಾಲಯಕ್ಕೆ ಬನ್ನಿ ಎಲ್ಲರೂ. ನಡೆದು ಬನ್ನಿ. ಲೈಬ್ರರಿಯಣ್ಣನ ಹತ್ತಿರ ಹೇಳಿದ್ದೇನೆ, ಬೀಗ ತೆಗೆಯುತ್ತಾರೆ."

ನಮ್ಮೂರಿನ ಗ್ರಂಥಾಲಯ ಅಂದರೆ ಮುರಕಲ್ಲಿನ ಒಂದು ಕೋಣೆ, ಮುಂದೆ ಒಂದು ಜಗಲಿ, ಎರಡು ಉದ್ದ ಬೆಂಚು. ಕನ್ನಡ ಪೇಪರು, ಮಲಯಾಳ ಪೇಪರು ಎರಡೂ ಬರುತ್ತವೆ. ಕೇರಳದ ಒಂದು ಒಳ್ಳೆಯ ವಿಷಯ ಇದು, ಹಳ್ಳಿಹಳ್ಳಿಯಲ್ಲಿ ಗ್ರಂಥಾಲಯ. ಇದನ್ನು ಹೇಳಲೇಬೇಕು, ಯಾಕೆಂದರೆ ಕೇರಳದ ಮೇಲೆ ನಮಗೆ ದೂರುಗಳು ಜಾಸ್ತಿ, ಸಿಕ್ಕಿದ್ದನ್ನು ನೆನೆಯುವುದು ಕಡಿಮೆ.

ನಾನು ತೋಟದ ಬದಿಯಿಂದ, ಗೇರುಗುಡ್ಡೆ ಹತ್ತಿ ಇಳಿದು ಹೋದೆ. ಗೇರುಹಣ್ಣಿನ ಕಾಲ, ಕಾಲಡಿಯಲ್ಲೆಲ್ಲ ಬಿದ್ದು ಒಡೆದ ಹಣ್ಣಿನ ವಾಸನೆ. ರೋಡಿನಲ್ಲಿ ಒಂದು ಹಾಲಿನ ಗಾಡಿ ಬಿಟ್ಟರೆ ಏನೂ ಇಲ್ಲ. ಹೋಗಿ ನೋಡಿದರೆ ಅವಳು ಆಗಲೇ ಬಂದು ಬೆಂಚುಗಳನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದಳು. ಗೋಡೆಯಲ್ಲಿ ತೂಗುಹಾಕಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿ ಅವಳ ಬೋರ್ಡು. ನಮ್ಮೆಲ್ಲರಿಗಿಂತ ದೂರ ನಡೆದು ಬಂದವಳೂ ಅವಳೇ.

ಬೆಳಗ್ಗಿನ ಹೊತ್ತು ಬೆಳಕು, ಲೆನ್ಸು, ಕನ್ನಡಿ. ಅದೆಲ್ಲ ಬೇಗ ಮುಗಿಯಿತು. ಸಿಕ್ಕಿ ಬಿದ್ದದ್ದು ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿ, ಅಂದರೆ ತಂತಿಸುರುಳಿಯ ಹತ್ತಿರ ಅಯಸ್ಕಾಂತ ಅಲುಗಾಡಿದರೆ ಕರೆಂಟು ಹುಟ್ಟುವ ಪಾಠದಲ್ಲಿ. ಫ್ಯಾರಡೆಯದ್ದು ಹೇಗೋ ಬಾಯಿಪಾಠ ಮಾಡಿದ್ದೆವು. ಲೆಂಝ್ ನಿಯಮ ಯಾರ ತಲೆಗೂ ಹತ್ತಿರಲಿಲ್ಲ. ಪ್ರೇರಿತ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಕಾರಣವನ್ನೇ ವಿರೋಧಿಸುತ್ತದೆ. ಓದಲಿಕ್ಕೆ ಬರುತ್ತಿತ್ತು, ಆದರೆ ಅದರ ಅರ್ಥ ಎಂತ?

ಅವಳು ಎರಡು ಸಲ ಹೇಳಿದಳು. ನಮ್ಮ ಮುಖ ನೋಡಿದಳು. ಆಮೇಲೆ ಅಂಗಳಕ್ಕೆ ಇಳಿದು ಲೈಬ್ರರಿಯಣ್ಣನ ಸೈಕಲನ್ನು ಸ್ಟ್ಯಾಂಡಿಗೆ ಹಾಕಿದಳು. ಹಳೆಯ ಸೈಕಲ್, ಹಿಂದಿನ ಚಕ್ರಕ್ಕೆ ಒರಗಿ ತಿರುಗಿ ಲೈಟಿಗೆ ಕರೆಂಟು ಕೊಡುವ ಡೈನಮೋ ಇದ್ದದ್ದು. "ಅಣ್ಣ, ಒಂಚೂರು ತಂತಿ ಬಿಚ್ಚುತ್ತೇನೆ, ಮತ್ತೆ ಹಾಕಿ ಕೊಡುತ್ತೇನೆ" ಅಂದಳು. ಅವರು ಪೇಪರಿನಿಂದ ತಲೆ ಎತ್ತದೆ, "ಸಂಜೆ ನನಗೆ ಲೈಟು ಬೇಕು" ಅಂದರು, ಅಷ್ಟೆ.

ಬಲ್ಬಿಗೆ ಹೋಗುವ ತಂತಿಯನ್ನು ಡೈನಮೋದಿಂದ ಬಿಡಿಸಿದಳು. ಡೈನಮೋವನ್ನು ಟಯರಿಗೆ ತಾಗಿಸಿ ನನ್ನನ್ನು ಕರೆದು, "ಕೈಯಲ್ಲಿ ಪೆಡಲ್ ತಿರುಗಿಸು" ಅಂದಳು. ತಿರುಗಿಸಿದೆ. ಚಕ್ರ ಸುಲಭವಾಗಿಯೇ ತಿರುಗಿತು. "ನಿಲ್ಲಿಸಬೇಡ" ಅನ್ನುತ್ತಾ ತಂತಿಯ ತುದಿಯನ್ನು ಡೈನಮೋದ ತಿರುಪಿಗೆ ಒತ್ತಿ ಹಿಡಿದಳು. ಮುಂದೆ ಬಲ್ಬು ಹತ್ತಿತು. ಅದೇ ಗಳಿಗೆಯಲ್ಲಿ ನನ್ನ ಕೈಗೆ ಪೆಡಲ್ ಭಾರವಾಯಿತು. ತಂತಿ ತೆಗೆದಳು, ಹಗುರ. ಒತ್ತಿದಳು, ಭಾರ. ತೆಗೆದಳು, ಹಗುರ.

"ಸಿಕ್ಕಿತಾ? ಅದೇ ಲೆಂಝ್" ಅಂದಳು. "ಕರೆಂಟು ಸುಮ್ನೆ ಸಿಗುವುದಿಲ್ಲ. ಕರೆಂಟು ಹರಿದ ಕೂಡಲೇ ಅದು ನಿನ್ನ ಕೈಯನ್ನು ತಡೆಯುತ್ತದೆ. ಆ ತಡೆಯನ್ನು ಮೀರಿ ತಿರುಗಿಸಲಿಕ್ಕೆ ನೀನು ಹಾಕುವ ಕೆಲಸವೇ ಅಲ್ಲಿ ಬೆಳಕಾಗುವುದು. ತಡೆಯದೆ ಇರುತ್ತಿದ್ದರೆ ಬೆಳಕು ಎಲ್ಲಿಂದ ಬರಬೇಕು?"

ಒಬ್ಬೊಬ್ಬರಾಗಿ ಎಲ್ಲರೂ ಬಂದು ತಿರುಗಿಸಿದೆವು. ರೋಡಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಸಣ್ಣ ಮಕ್ಕಳೂ ಬ್ಯಾಟು ಹಿಡಿದುಕೊಂಡೇ ಬಂದು ಸಾಲು ನಿಂತರು. ಲೈಬ್ರರಿಯಣ್ಣ ಕೊನೆಗೆ ಪೇಪರು ಮಡಚಿಟ್ಟು ತಾನೂ ಒಮ್ಮೆ ತಿರುಗಿಸಿ ನೋಡಿ, "ಇಷ್ಟು ವರ್ಷ ತುಳಿದೆ, ರಾತ್ರಿ ಯಾಕೆ ಸೈಕಲ್ ಭಾರ ಅಂತ ಇವತ್ತು ಗೊತ್ತಾಯಿತು ನೋಡು" ಅಂದರು.

ಮಧ್ಯಾಹ್ನ ಅವರ ಮನೆಯಿಂದಲೇ ಅವಲಕ್ಕಿ, ಮಜ್ಜಿಗೆ, ಪುನರ್ಪುಳಿ ಶರಬತ್ತು ಬಂತು. ತಿನ್ನುತ್ತಾ ಅವಳು ಫ್ಯಾರಡೆಯ ಕತೆ ಹೇಳಿದಳು. 1831ರಲ್ಲಿ ಈ ಪ್ರೇರಣೆಯನ್ನು ಕಂಡುಹಿಡಿದ ಮನುಷ್ಯ ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಹುಡುಗನಾಗಿದ್ದಾಗ ಪುಸ್ತಕಕ್ಕೆ ಬೈಂಡು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ, ಬೈಂಡಿಗೆ ಬಂದ ಪುಸ್ತಕಗಳನ್ನೇ ಓದಿ ಕಲಿತ. ಇದು ನಮ್ಮ ಪಾಠದಲ್ಲಿ ಇರಲಿಲ್ಲ. ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಹಿಂದಿನ ಕಪಾಟಿಗೆ ಕೈ ತೋರಿಸಿದಳು.

ಸಂಜೆ ತಂತಿ ಹಾಕಿ, ಬಲ್ಬು ಹತ್ತುತ್ತದಾ ನೋಡಿ, ಸೈಕಲ್ ಒಪ್ಪಿಸಿ ಹೊರಟೆವು. ಅವಳ ಮನೆ ಕಡೆ ಹೋಗುವವರು ಯಾರೂ ಇಲ್ಲ ಅಂತ ನಾವೆಲ್ಲ ಅರ್ಧ ದಾರಿ ಒಟ್ಟಿಗೆ ಹೋದೆವು. ದಾರಿಯಲ್ಲಿಯೂ ಬಿಡಲಿಲ್ಲ ಅವಳು, ಪ್ರಶ್ನೆ ಕೇಳುತ್ತಲೇ ಇದ್ದಳು. "ನನಗೆ ಯಾಕೆ ಹೇಳಿಕೊಡಲು ಖುಷಿ ಗೊತ್ತುಂಟಾ? ಕನ್ನಡದಲ್ಲಿ ಹೇಳುವಾಗ ಮಾತ್ರ ನನಗೆ ಸರಿ ಅರ್ಥವಾಗಿದೆಯಾ ಇಲ್ಲವಾ ಅಂತ ತಿಳಿಯುವುದು" ಅಂದಳು. ಮಲಯಾಳ ಮನೆಮಾತಿನ ಹುಡುಗಿ ಹೇಳಿದ ಮಾತು ಇದು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಲೆಂಝ್ ಬರಲೇ ಇಲ್ಲ. ಟ್ರಾನ್ಸ್‌ಫಾರ್ಮರ್ ಬಂತು. ಆದರೂ ನಮ್ಮ ಬೆಂಚಿನವರೆಲ್ಲ ಪಾಸಾದೆವು.

ಆಮೇಲೆ ನಾವಿಬ್ಬರೂ ವಿದ್ಯಾನಗರದ ಸರಕಾರಿ ಕಾಲೇಜಿಗೆ ಸೇರಿದೆವು. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ ಶುರುವಾದ ಕಾಲೇಜು ಅದು. ಕನ್ನಡ ಎಂಎ ತನಕ ಅಲ್ಲೇ ಕಲಿಯಬಹುದು. ಸೆಕೆಂಡ್ ಲ್ಯಾಂಗ್ವೇಜ್ ಕನ್ನಡದ ಕ್ಲಾಸಿಗೆ ಬೇರೆ ಬೇರೆ ವಿಭಾಗದವರೆಲ್ಲ ಒಂದೇ ಕೋಣೆಗೆ ಬರುತ್ತಿದ್ದೆವು. ಮಂಜೇಶ್ವರದವರು, ಕುಂಬಳೆಯವರು, ಬದಿಯಡ್ಕ, ಮುಳ್ಳೇರಿಯಾ ಕಡೆಯವರು. ಆ ಒಂದು ಗಂಟೆ ಊರಿಗೆ ಹೋಗಿ ಬಂದ ಹಾಗಿರುತ್ತಿತ್ತು. ಅವಳ ಹಾಸ್ಟೆಲ್ ಗೆಳತಿಯರು ಪಯ್ಯನ್ನೂರು, ನೀಲೇಶ್ವರದವರು. ಅವರಿಂದ ಮಲಯಾಳ ಬರೆಯಲು ಕಲಿತಳು, ಅವರಿಗೆ ಕನ್ನಡ ಅಕ್ಷರ ಕಲಿಸಿದಳು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯರು ಬಸ್ಸಿನ ಕನ್ನಡ ಬೋರ್ಡು ಅಕ್ಷರ ಕೂಡಿಸಿ ಓದುತ್ತಿದ್ದರು, ಇವಳು ಪಕ್ಕದಲ್ಲಿ ನಿಂತು ಒತ್ತಕ್ಷರ ತಿದ್ದುತ್ತಿದ್ದಳು.

ಈಗ ಅವಳು ಟೀಚರ್. ಫಿಸಿಕಲ್ ಸಯನ್ಸ್, ಕನ್ನಡ ಮೀಡಿಯಂ. ಬಿಎಡ್ ಮುಗಿಸಿ, ಪಿಎಸ್‌ಸಿ ಬರೆದು, ರ‍್ಯಾಂಕ್ ಲಿಸ್ಟಿನಲ್ಲಿ ಕಾದು ಕಾದು ಸಿಕ್ಕಿದ ಕೆಲಸ. ಕನ್ನಡ ಮೀಡಿಯಂ ಕ್ಲಾಸಿಗೆ ಕನ್ನಡವೇ ಬಾರದ ಅಧ್ಯಾಪಕರನ್ನು ಕಳಿಸಿದ್ದು, ಹೆತ್ತವರೂ ಮಕ್ಕಳೂ ಶಾಲೆಯ ಗೇಟಿನ ಮುಂದೆ ಕೂತದ್ದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಸಲ ಆಗಿದೆ. ಹಾಗಾದಾಗಲೆಲ್ಲ ನನಗೆ ಆ ನೋಟ್‌ಬುಕ್ಕಿನ ಬಲಗಡೆ ಪೇಜು ನೆನಪಾಗುತ್ತದೆ. ಪ್ಲಸ್ ಟುವಿನಲ್ಲಿ ನಮಗೆ ಅವಳಿದ್ದಳು. ಎಂಟನೆಯ, ಒಂಬತ್ತನೆಯ ಕ್ಲಾಸಿನ ಮಗು ಟೀಚರ್ ಹೇಳಿದ್ದು ತಿಳಿಯದೆ ಕೂತರೆ ಅದಕ್ಕೆ ಯಾರಿದ್ದಾರೆ? ಇದು ಭಾಷಾಭಿಮಾನದ ಮಾತಲ್ಲ. ಲೆಂಝ್ ನಿಯಮ ಅರ್ಥವಾಗಬೇಕಾದ ಮಗುವಿಗೆ ಅದು ಅರ್ಥವಾಗಬೇಕು, ಅಷ್ಟೇ ನನ್ನ ಬೇಡಿಕೆ.

ಹೋದ ಜೂನ್‌ನಲ್ಲಿ ಶಾಲೆ ಶುರುವಾದ ವಾರ ಅವಳ ಫೋನ್ ಬಂತು. ಕುಶಲ ವಿಚಾರಿಸುವ ಮೊದಲೇ, "ಡೈನಮೋ ಇರುವ ಹಳೆ ಸೈಕಲ್ ನಿನ್ನ ಊರಿನಲ್ಲಿ ಎಲ್ಲಾದರೂ ಉಂಟಾ? ಈಗಿನ ಮಕ್ಕಳ ಸೈಕಲಿನಲ್ಲಿ ಡೈನಮೋ ಎಂಬುದೇ ಇಲ್ಲ. ವಿಡಿಯೋ ತೋರಿಸಿದರೆ ಕೈಗೆ ಭಾರ ಗೊತ್ತಾಗುವುದಿಲ್ಲ ಅಲ್ವಾ?" ಅಂದಳು. ಮುಳ್ಳೇರಿಯಾದಲ್ಲಿ ಒಬ್ಬರು ಸೈಕಲ್ ರಿಪೇರಿಯವರ ಹತ್ತಿರ, ಹಳೆಯ ಬಿಡಿಭಾಗಗಳ ಡಬ್ಬದಲ್ಲಿ ಒಂದು ಸಿಕ್ಕಿತು. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ತಿರುಗುತ್ತದೆ ಅಂತ ಖಾತ್ರಿ ಮಾಡಿಕೊಂಡು ಅವಳ ಶಾಲೆಯ ಕಡೆ ಹೋಗುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಶನಿವಾರ ಅವಳ ಮೆಸೇಜು ಬಂತು: "ಸಿಕ್ಕಿತು. ಬಲ್ಬು ಮಾತ್ರ ಹೋಗಿದೆ. ಆರು ವೋಲ್ಟಿಂದು ಎರಡು ಕಳಿಸು."