ವಾಚಾಳಿ ವರದಿಗಾರ, ಒಂದು ಕೊಲೆ, ಸುಳಿವು ಬಚ್ಚಿಡುವ ಜಾಗ

ಹಾಸ್ಯದ ಪತ್ತೇದಾರಿ ಕಾದಂಬರಿಗೆ ಪತ್ರಿಕಾ ವರದಿಗಾರನನ್ನು ನಾಯಕನಾಗಿ ಆರಿಸಿಕೊಂಡವರು ಸಾಮಾನ್ಯವಾಗಿ ಮೊದಲು ಕೊಲೆಯ ಕಥೆ ಕಟ್ಟುತ್ತಾರೆ. ಆಮೇಲೆ ಚಟಾಕಿಗಳ ಒಂದು ಪಟ್ಟಿ ಮಾಡಿಕೊಂಡು ಅದರ ಮೇಲೆ ಚಿಮುಕಿಸುತ್ತಾರೆ. ಪುಸ್ತಕ ಸೋಲುವುದು ಅಲ್ಲೇ. ಈ ಬಗೆಯ ಕಾದಂಬರಿಯಲ್ಲಿ ಚಟಾಕಿಯ ಮುಖ್ಯ ಕೆಲಸ ಸುಳಿವನ್ನು ಮುಚ್ಚಿಡುವುದು. ನಗುವ ಹೊತ್ತಿನಲ್ಲಿ ಓದುಗರ ಅನುಮಾನ ಸಡಿಲವಾಗಿರುತ್ತದೆ, ಸುಳಿವನ್ನು ದಾಟಿಸಬೇಕಾದ್ದು ಆಗಲೇ.

ಒಂದು ಸನ್ನಿವೇಶ ಕಟ್ಟಿ ನೋಡೋಣ. ನಗರದಿಂದ ಇನ್ನೂರು ಕಿಲೋಮೀಟರ್ ದೂರದ ಊರಿನ ಅತಿಥಿಗೃಹವೊಂದರಲ್ಲಿ ನಸುಕಿನ ಮೂರು ಗಂಟೆಗೆ ಒಬ್ಬ ಶ್ರೀಮಂತನ ಕೊಲೆಯಾಗಿದೆ. ರಾತ್ರಿಯಿಡೀ ನಗರದ ಮನೆಯಲ್ಲೇ ಇದ್ದೆ ಎನ್ನುವುದು ಅವನ ತಮ್ಮನ ಮಗನ ಹೇಳಿಕೆ. ವರದಿಗಾರ ಬೆಳಗ್ಗೆ ಹತ್ತಕ್ಕೆ ಆ ಮನೆಗೆ ಹೋಗುತ್ತಾನೆ. ಮೇಜಿನ ಮೇಲೆ ಅವನದೇ ಪತ್ರಿಕೆ, ಪದಬಂಧ ಅರ್ಧ ತುಂಬಿದೆ. ಅವನು ಕ್ರೀಡಾ ಪುಟ ತಿರುವಿ ಹೇಳುತ್ತಾನೆ: "ಇದರಲ್ಲಿ ನಿನ್ನೆಯ ಮ್ಯಾಚ್ ಇನ್ನೂ ನಡೀತಾನೇ ಇದೆ ನೋಡಿ. ನಮ್ಮ ಕ್ರೀಡಾ ಸಂಪಾದಕರು ಹಾಗೇ, ನಮ್ಮ ತಂಡ ಸೋಲ್ತಿದೆ ಅಂದ್ರೆ ಫಲಿತಾಂಶ ಬರೋಕೂ ಮೊದಲೇ ಮನೆಗೆ ಹೋಗಿಬಿಡ್ತಾರೆ." ತಕ್ಷಣ ಆಫೀಸಿನಿಂದ ಫೋನ್ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ.

ಓದುಗರು ಕ್ರೀಡಾ ಸಂಪಾದಕರನ್ನು ನೆನೆದು ನಕ್ಕರು. ಕೊಲೆಗಾರ ಸಿಕ್ಕಿಬಿದ್ದದ್ದೂ ಅಲ್ಲೇ. ದೂರದ ಊರಿಗೆ ಹೋಗುವ ಪ್ರತಿಗಳು ವ್ಯಾನಿನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಬೇಕಾದ್ದರಿಂದ ಆ ಆವೃತ್ತಿಯ ಪುಟಗಳು ರಾತ್ರಿ ಬೇಗ ಮುಗಿದು ಮೊದಲು ಅಚ್ಚಾಗುತ್ತವೆ. ತಡರಾತ್ರಿಯ ಸುದ್ದಿ ಸೇರುವುದು ಕೊನೆಗೆ ಅಚ್ಚಾಗುವ ನಗರ ಆವೃತ್ತಿಗೆ. ಪಂದ್ಯದ ಫಲಿತಾಂಶವೇ ಇಲ್ಲದ ಪತ್ರಿಕೆ ನಗರದ ಮನೆಯ ಮೇಜಿನ ಮೇಲಿದೆ ಎಂದರೆ ಯಾರೋ ಅದನ್ನು ನಸುಕಿನಲ್ಲಿ ದೂರದ ಊರಲ್ಲಿ ಕೊಂಡು ತಂದಿದ್ದಾರೆ.

ಇದನ್ನು ಪೊಲೀಸರು ಗಮನಿಸುವುದು ಕಷ್ಟ. ಕೊಲೆಗಾರನಿಗೂ ಹೊಳೆಯುವುದಿಲ್ಲ, ಏಕೆಂದರೆ ಅವನ ಕಣ್ಣಿಗೆ ಎರಡೂ ಒಂದೇ ಪತ್ರಿಕೆ. ಕಂಡುಹಿಡಿಯಲು ವರದಿಗಾರನೇ ಬೇಕು. ನಿಮ್ಮ ಕಥೆಯ ಮುಖ್ಯ ಸುಳಿವು ವಕೀಲನಿಗೋ ವೈದ್ಯನಿಗೋ ಅಷ್ಟೇ ಸುಲಭವಾಗಿ ಸಿಗುವಂತಿದ್ದರೆ ನಾಯಕ ಪತ್ರಕರ್ತನಾಗಿರುವುದು ವೇಷ ಮಾತ್ರ.

ಚಟಾಕಿಯ ಒಳಗಿನ ಜೋಡಣೆಯನ್ನೂ ಗಮನಿಸಿ. ಸುಳಿವು ಮೊದಲ ವಾಕ್ಯದಲ್ಲಿದೆ, ನಗು ಕೊನೆಯಲ್ಲಿ, ಅದೂ ಬೇರೊಬ್ಬರ ಮೇಲೆ. ತಿರುಗಿಸಿ ಬರೆದರೆ, ಅಂದರೆ ಮಾತು "ಮ್ಯಾಚ್ ಇನ್ನೂ ನಡೀತಾನೇ ಇದೆ" ಎಂದು ಮುಗಿದರೆ, ಓದುಗರ ಗಮನ ಅಲ್ಲೇ ನಿಂತು ಗುಟ್ಟು ಒಡೆಯುತ್ತದೆ. ನಗೆಯ ನಂತರ ಒಂದು ಅಡಚಣೆ ಇರಲಿ. ಪುಟ ಖಾಲಿಯಾಗಿ ನಿಂತರೆ ಓದುಗರು ಹಿಂದಿರುಗಿ ನೋಡುತ್ತಾರೆ.

ಇಷ್ಟಕ್ಕೇ ನ್ಯಾಯ ಸಲ್ಲಲಿಲ್ಲ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಹಾಕಿಕೊಟ್ಟ ಹತ್ತು ಕಟ್ಟಳೆಗಳಲ್ಲಿ ಒಂದು, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರ ಮುಂದೆ ಬರಬೇಕು ಎನ್ನುವುದು. ನಮ್ಮ ಸುಳಿವು ಬಂದಿದೆ, ಆದರೆ ಆವೃತ್ತಿಗಳ ಲೆಕ್ಕ ಎಲ್ಲರಿಗೂ ಗೊತ್ತಿರುವುದಿಲ್ಲ. ಅದನ್ನು ಕೊನೆಯ ಅಧ್ಯಾಯದಲ್ಲಿ ಮೊದಲ ಬಾರಿ ವಿವರಿಸಿದರೆ ಮೋಸ. ಮೂವತ್ತು ಅಧ್ಯಾಯದ ಕಾದಂಬರಿಯಲ್ಲಿ ಮೇಜಿನ ಮೇಲಿನ ಪತ್ರಿಕೆ ಆರನೆಯದರಲ್ಲಿ ಬಂದರೆ, ಹದಿನೈದರ ಹೊತ್ತಿಗೆ ವ್ಯಾನ್ ಚಾಲಕನೂ ಸುದ್ದಿ ಡೆಸ್ಕಿನವರೂ ಜಗಳವಾಡಲಿ: "ನೀವು ಒಂದು ಸುದ್ದಿಗೆ ಕಾಯ್ತಾ ಕೂತ್ರೆ ಅಲ್ಲಿ ಜನ ಮಧ್ಯಾಹ್ನ ಪೇಪರ್ ಓದಬೇಕಾಗುತ್ತೆ!" ನಗೆಯ ಪ್ರಸಂಗ, ಜೊತೆಗೆ ಪೂರ್ತಿ ಮಾಹಿತಿ. ಕೊಲೆಗಾರ ಪತ್ರಿಕೆ ಕೊಂಡದ್ದಕ್ಕೂ ಕಾರಣ ಬೇಕು. ದಿನದ ಪದಬಂಧ ತುಂಬದೆ ಇರಲಾರದವನು ಎಂದು ಎರಡು ಮೂರನೆಯ ಅಧ್ಯಾಯದಲ್ಲೇ ತೋರಿಸಿಟ್ಟರೆ ಸಾಕು.

ಇನ್ನು ಮಾತಿನ ಧಾಟಿ. ಇಂಗ್ಲಿಷ್ ನಾಯಕರ ಬಿರುಸಿನ ಉತ್ತರಗಳನ್ನು ಕನ್ನಡಕ್ಕೆ ತಂದರೆ ಅವು ಡಬ್ಬಿಂಗ್ ಸಂಭಾಷಣೆಯಂತೆ ಕೇಳಿಸುತ್ತವೆ. ನಮ್ಮ ವರದಿಗಾರನಿಗೆ ಕೈಯಳತೆಯಲ್ಲೇ ಒಂದು ಗಣಿ ಇದೆ, ಪತ್ರಿಕೆಯ ಸವೆದ ಕನ್ನಡ. "ತನಿಖೆ ಚುರುಕುಗೊಂಡಿದೆ", "ತಲೆಮರೆಸಿಕೊಂಡಿದ್ದಾರೆ", "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂಬ ಮಾತುಗಳನ್ನು ಅವನು ದಿನವೂ ಟೈಪ್ ಮಾಡುತ್ತಾನೆ. ಮನೆ ಮಾಲೀಕರು ಬಾಡಿಗೆ ಕೇಳಿದಾಗ ಅವನು ಹೀಗೆನ್ನಲಿ: "ಹಣ ತಲೆಮರೆಸಿಕೊಂಡಿದೆ ಸಾರ್, ಪತ್ತೆಗೆ ಬಲೆ ಬೀಸಲಾಗಿದೆ." ಆಡುಮಾತಿನ ನಡುವೆ ಗ್ರಾಂಥಿಕ ವಾಕ್ಯ ತಟ್ಟನೆ ಎದ್ದು ನಿಲ್ಲುವುದರಲ್ಲೇ ನಗು ಇದೆ, ಶ್ಲೇಷೆಯೂ ಬೇಕಿಲ್ಲ. ಆದರೆ ಈ ತಂತ್ರವನ್ನು ನಾಯಕನಿಗಷ್ಟೇ ಕೊಡಿ. ಸಂಪಾದಕರು, ಇನ್‌ಸ್ಪೆಕ್ಟರ್, ಕಾವಲುಗಾರ ಎಲ್ಲರೂ ಚಟಾಕಿ ಹಾರಿಸತೊಡಗಿದರೆ ಯಾರು ಮಾತಾಡುತ್ತಿದ್ದಾರೆ ಎನ್ನುವುದೇ ತಿಳಿಯುವುದಿಲ್ಲ. ಎರಡು ಸಾವಿರ ಪದದ ಅಧ್ಯಾಯಕ್ಕೆ ಮೂರು ನಾಲ್ಕು ಒಳ್ಳೆಯ ಮಾತು ಧಾರಾಳವಾಯಿತು. ಸತ್ತವರ ಮನೆಯವರ ಮುಂದೆ ಒಂದೂ ಬೇಡ. ಅಲ್ಲಿ ಅವನು ಸುಮ್ಮನಿದ್ದರೆ ಉಳಿದೆಡೆಯ ಬಾಯಿಬಡುಕತನವನ್ನು ಓದುಗರು ಪ್ರೀತಿಯಿಂದಲೇ ಸಹಿಸುತ್ತಾರೆ.

ಕಥೆಯನ್ನು ಮುಂದೆ ತಳ್ಳುವವರು ಸಂಪಾದಕರು. ವರದಿಗಾರನಿಗೆ ಬಂಧಿಸುವ ಅಧಿಕಾರವಿಲ್ಲ, ಶೋಧಿಸುವ ಅಧಿಕಾರವೂ ಇಲ್ಲ. ಆಧಾರವಿಲ್ಲದೆ ಹೆಸರು ಅಚ್ಚುಮಾಡಿದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ. ಹಾಗಾಗಿ ಅವನು ಏನೇ ತಂದರೂ ಸಂಪಾದಕರ ಪ್ರಶ್ನೆ ಒಂದೇ: "ಇನ್ನೊಬ್ಬರು ಯಾರು ಹೇಳಿದರು?" ಆ ಇನ್ನೊಬ್ಬರನ್ನು ಹುಡುಕುವುದೇ ಮುಂದಿನ ಅಧ್ಯಾಯ. ಇದರ ಜೊತೆಗೆ ಅವನ ವರದಿಗಳನ್ನು ಕೊಲೆಗಾರನೂ ಓದುತ್ತಿರುತ್ತಾನೆ. ಅತಿಥಿಗೃಹದ ಹಿಂಬಾಗಿಲಿನ ಬೀಗ ಒಡೆದಿತ್ತು ಎಂಬುದನ್ನು ಸಂಪಾದಕರು ಬೇಕೆಂದೇ ಪ್ರಕಟಿಸದೆ ತಡೆದಿದ್ದರೆ, ಮುಂದೊಂದು ದಿನ ಬೀಗದ ಮಾತೆತ್ತುವವನ ಮೇಲೆ ಕಣ್ಣಿಡಬಹುದು.

ಕರಡು ಮುಗಿದ ಮೇಲೆ ಅದರ ಇನ್ನೊಂದು ಪ್ರತಿಯಲ್ಲಿ ಚಟಾಕಿಗಳನ್ನೆಲ್ಲ ಅಳಿಸಿ ಓದಿ. ರಹಸ್ಯ ಎಲ್ಲೂ ಕುಸಿಯದೆ ನಿಂತಿದ್ದರೆ ಅಳಿಸಿದ ಮಾತುಗಳು ಏನನ್ನೂ ಹೊತ್ತಿರಲಿಲ್ಲ ಎಂದರ್ಥ. ಆಗ ಎರಡೋ ಮೂರೋ ಮುಖ್ಯ ಸುಳಿವುಗಳನ್ನು ಗದ್ಯದಿಂದ ಕಿತ್ತು ಚಟಾಕಿಗಳ ಒಳಕ್ಕೆ ಸೇರಿಸಬೇಕು. ಕೊನೆಯ ಪುಟದಲ್ಲಿ ಪತ್ರಿಕೆಯಲ್ಲಿ ಬಂದ ವರದಿಯನ್ನೇ ಇಡಬಹುದು. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ವಾಕ್ಯದಲ್ಲೇ ಬರಲಿ. ನೂರೈವತ್ತು ಪದ, ಮೇಲೆ ವರದಿಗಾರನ ಹೆಸರು, ಒಳಗೆ ಒಂದೇ ಒಂದು ಚಟಾಕಿಯೂ ಇಲ್ಲ.