ಕೆಂಪು ಚುಕ್ಕಿಯ ಲೋಟ

ಅಣ್ಣನಿಗೆ ಎಚ್‌ಐವಿ ಇದೆ ಅಂತ ಗೊತ್ತಾದ ವಾರವೇ ಅವನ ಲೋಟದ ತಳಕ್ಕೆ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕಿ ಇಟ್ಟೆ. ಗುರುತಿಗೆ. ಯಾರಿಗೂ ಹೇಳಲಿಲ್ಲ. ಲೋಟದಿಂದ, ಬೆವರಿನಿಂದ, ಅಪ್ಪಿಕೊಂಡರೆ ಅದು ಹರಡುವುದಿಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು! 1987ರಲ್ಲೇ ಬ್ರಿಟನ್ನಿನ ರಾಜಕುಮಾರಿ ಡಯಾನಾ ಲಂಡನ್ನಿನ ಆಸ್ಪತ್ರೆಯಲ್ಲಿ ಗ್ಲೌಸ್ ಹಾಕದೆ ಏಡ್ಸ್ ರೋಗಿಯ ಕೈ ಕುಲುಕಿದ್ದರು. ಓದಿದ್ದೇ ಬೇರೆ, ಕೈ ಮಾಡುವುದೇ ಬೇರೆ, ಅಲ್ವಾ?

ಅಣ್ಣ ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಈಗ ರಕ್ತ ಪರೀಕ್ಷೆಯಲ್ಲಿ ಸಿಗುವಷ್ಟು ವೈರಸ್ಸೂ ಇಲ್ಲ. ಹೀಗೇ ಇದ್ದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ದಾಟುವುದಿಲ್ಲ. ಏಡ್ಸ್ ಹಂತಕ್ಕೆ ಅವನು ಹೋಗೇ ಇಲ್ಲ.

ಆದರೂ ಹಲ್ಲು ಕೀಳಿಸಲು ಹೋದ ಕಡೆ ಫೈಲ್ ನೋಡಿದ್ದೇ "ನೀವು ಕೊನೆಗೆ ಬನ್ನಿ" ಅಂದರು. ಸಂಜೆವರೆಗೆ ಸುಮ್ನೆ ಕೂರಿಸಿ, ಬೇರೆ ಕಡೆ ತೋರಿಸಿ ಅಂದರು. ನಾನು ಅಲ್ಲೇ ಕೂಗಾಡಿದೆ.

ಮನೆಗೆ ಬಂದು ಅಣ್ಣ ನೀರು ಕುಡಿದ. ಲೋಟ ಬೋರಲು ಹಾಕಿ, ತಳ ತೋರಿಸಿ ಕೇಳಿದ: "ಅವರಿಗೇನೋ ಬೈದೆ. ಇದು ಯಾರ ಕೆಲಸ?"

ರಿಮೂವರ್ ಹಾಕಿ ಉಜ್ಜಿದೆ. ಬಣ್ಣ ಹೋಯಿತು, ಮಂಕಾದ ಕಲೆ ಉಳಿಯಿತು. ಈಗ ಆ ಲೋಟದಲ್ಲಿ ನಾನೇ ಕುಡಿಯುತ್ತೇನೆ. ಅಣ್ಣ ನೋಡುತ್ತಾನೆ, ಏನೂ ಹೇಳುವುದಿಲ್ಲ.