ಒಗ್ಗರಣೆಯ ಇಂಗು: ಅಲಾಸ್ಕಾ ಹಡಗಿನಲ್ಲಿ ಏಳು ದಿನ

ಸಿಯಾಟಲ್ ಬಂದರಿನ 91ನೇ ಕಟ್ಟೆಯಲ್ಲಿ ಹಡಗು ಹತ್ತಲು ಸಾಲಿನಲ್ಲಿ ನಿಂತಿದ್ದಾಗ ಎಲ್ಲರ ಹೆಗಲಚೀಲಗಳಲ್ಲಿ ಕ್ಯಾಮೆರಾ, ದುರ್ಬೀನು, ಮಳೆಯಂಗಿಗಳಿದ್ದರೆ ನನ್ನ ಚೀಲದ ತುಂಬ ಇದ್ದದ್ದು ಕಡಲೆಕಾಯಿ ಮಿಠಾಯಿ, ಅಕ್ಕಿಯ ಬಿಸ್ಕತ್ತು, ಹುರಿದ ಮಖಾನಾ ಮತ್ತು ಗ್ಲುಟನ್ ಇಲ್ಲದ ಬ್ರೆಡ್ಡಿನ ಪೊಟ್ಟಣಗಳು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಗೆ ತರುವಂತಿಲ್ಲ, ಅಂಗಡಿಯಿಂದ ಕೊಂಡ ಮೊಹರು ಒಡೆಯದ ಪೊಟ್ಟಣಗಳನ್ನು ಮಾತ್ರ ತರಬಹುದು, ಅನ್ನ ಮಾಡುವ ಕುಕ್ಕರಾಗಲಿ ನೀರು ಕಾಯಿಸುವ ಕೆಟಲ್ ಆಗಲಿ ಕ್ಯಾಬಿನ್ನಿನಲ್ಲಿ ಇರಕೂಡದು ಎಂದು ಮೊದಲೇ ತಿಳಿಸಿದ್ದರು. ಬೆಂಕಿಯ ಭಯ ಸಮುದ್ರದ ಮೇಲೆ ಎಲ್ಲಕ್ಕಿಂತ ದೊಡ್ಡದು, ಆದ್ದರಿಂದ ಆ ನಿಯಮಕ್ಕೆ ನನ್ನ ತಕರಾರು ಇರಲಿಲ್ಲ. ಆದರೆ ಬೆಂಗಳೂರು ಬಿಟ್ಟು ಎಲ್ಲಿಗೆ ಹೋದರೂ ಪುಟ್ಟ ಕುಕ್ಕರನ್ನು ಜೊತೆಗೆ ಒಯ್ಯುತ್ತಿದ್ದ ನನಗೆ, ಮಗಳ ಏಳು ದಿನದ ಊಟವನ್ನು ಪರಿಚಯವಿಲ್ಲದ ಅಡುಗೆಮನೆಯ ಕೈಗೆ ಒಪ್ಪಿಸುವುದು ಅದೇ ಮೊದಲು.

ಮಗಳಿಗೆ ಸೀಲಿಯಾಕ್ ಕಾಯಿಲೆ. ಏಳನೆಯ ವಯಸ್ಸಿನಲ್ಲಿ, ಎಷ್ಟು ಕಬ್ಬಿಣಾಂಶದ ಔಷಧಿ ಕೊಟ್ಟರೂ ರಕ್ತಹೀನತೆ ಹೋಗದೆ, ಎತ್ತರವೂ ಹೆಚ್ಚದೆ ಇದ್ದಾಗ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ತುಣುಕು ತೆಗೆದು ನೋಡಿ ಇದನ್ನು ಪತ್ತೆಹಚ್ಚಿದರು. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅನ್ನದ ಸತ್ವವನ್ನು ಹೀರಿಕೊಳ್ಳಬೇಕಾದ, ಆ ಪದರದ ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಇದಕ್ಕೆ ಮಾತ್ರೆಯಿಲ್ಲ, ಜೀವನಪೂರ್ತಿ ಪಥ್ಯವೊಂದೇ ಚಿಕಿತ್ಸೆ. ಗ್ಲುಟನ್ ಇಲ್ಲವೆಂದು ಬರೆದುಕೊಳ್ಳುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಅದು ಇರಬಾರದೆಂಬ ಮಿತಿ ಅಮೆರಿಕದಲ್ಲೂ ಯುರೋಪಿನಲ್ಲೂ ನಮ್ಮ ದೇಶದಲ್ಲೂ ಒಂದೇ. ಗೋಧಿ ಬ್ರೆಡ್ಡಿನ ಒಂದೇ ಹೋಳಿನಲ್ಲಿ ಎರಡು ಗ್ರಾಮಿನಷ್ಟು ಗ್ಲುಟನ್ ಇರುತ್ತದೆಂದ ಮೇಲೆ, ಒಂದು ಚಿಟಿಕೆ ಹಿಟ್ಟು, ಒಂದು ಚೂರು ಪುಡಿ ಎಷ್ಟು ದೊಡ್ಡ ವಿಷಯವೆಂದು ಓದುಗರು ಊಹಿಸಬಹುದು. ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಇಡ್ಲಿಗಳ ನಾಡಿನಲ್ಲಿ ಬೆಳೆಯುತ್ತಿರುವುದು ಅವಳ ಭಾಗ್ಯವೆಂದೇ ನಾನು ಭಾವಿಸಿದ್ದೇನೆ. ಆದರೂ ರವೆ ಇಡ್ಲಿಯಿಂದ ಹಿಡಿದು ಮದುವೆಮನೆಯ ಚಿರೋಟಿಯವರೆಗೆ ಅವಳು ಕೈಕಟ್ಟಿ ಕೂತು ನೋಡಿದ ಎಲೆಗಳ ಲೆಕ್ಕ ನನಗೆ ಗೊತ್ತಿದೆ.

ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿರುವ ಅಕ್ಕ ಮತ್ತು ಭಾವ ಈ ಪ್ರವಾಸಕ್ಕೆ ಕರೆದಾಗ ಮೊದಲು ಬೇಡವೆಂದೆ. "ನಿನ್ನ ಭಯಕ್ಕೆ ಮಗುವನ್ನು ಮನೆಯಲ್ಲಿ ಕೂರಿಸಬೇಡ ಕಣೆ, ಮೊದಲು ಕೇಳಿ ನೋಡೋಣ" ಎಂದು ಅಕ್ಕ ಹಡಗಿನ ಕಂಪನಿಗೆ ತಾನೇ ಬರೆದಳು. ಹೊರಡುವುದಕ್ಕೆ ಎರಡು ತಿಂಗಳು ಮೊದಲು ಪಥ್ಯದ ಅರ್ಜಿಯನ್ನು ತುಂಬಿಸಿಕೊಂಡರು. ಕಾಯಿಲೆಯ ಹೆಸರು, ಪತ್ತೆಯಾದ ವರ್ಷ, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದ ಪತ್ರವನ್ನು ಮಗಳ ವೈದ್ಯರಿಂದ ನಾನು ಬರೆಸಿಕೊಂಡೆ. ಆ ಒಂದು ಹಾಳೆ ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂದರೆ, ಇಂಥ ಕಾಯಿಲೆಯವರು ಪಾಸ್‌ಪೋರ್ಟಿನ ಜೊತೆಗೆ ಅದನ್ನೂ ಇಟ್ಟುಕೊಳ್ಳಬೇಕೆಂದು ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಹತ್ತಿದ ಮಧ್ಯಾಹ್ನ ಬಫೆಯೊಂದೇ ತೆರೆದಿತ್ತು. ಸಾಲುಸಾಲು ತಟ್ಟೆಗಳ ಮುಂದೆ ಹೆಸರಿನ ಚೀಟಿಗಳಿದ್ದವು, ಹಲವು ಚೀಟಿಗಳ ಮೇಲೆ ಗ್ಲುಟನ್ ಇಲ್ಲವೆಂಬ ಗುರುತೂ ಇತ್ತು. ಅಲ್ಲೇ ಐದು ನಿಮಿಷ ನಿಂತು ನೋಡಿದೆ. ಹಿರಿಯರೊಬ್ಬರು ಪಾಸ್ತಾ ಬಡಿಸಿಕೊಂಡ ಇಕ್ಕಳವನ್ನು ಪಕ್ಕದ ಸಲಾಡಿನ ಬೋಗುಣಿಗೆ ಇಳಿಬಿಟ್ಟು ಹೋದರು. ಒಬ್ಬ ಹುಡುಗ ಬ್ರೆಡ್ಡಿನ ತುಂಡು ಹಿಡಿದ ಕೈಯಲ್ಲೇ ಹಣ್ಣಿನ ಚಮಚವನ್ನು ಎತ್ತಿಕೊಂಡ. ಆಲೂಗಡ್ಡೆಯ ಫ್ರೈಸ್ ಬೇಯುವ ಎಣ್ಣೆಯಲ್ಲೇ ಬ್ರೆಡ್ ಪುಡಿ ಹಚ್ಚಿದ ತಿನಿಸುಗಳೂ ಕರಿಯುತ್ತವೆಂದು ಕೇಳಿ ತಿಳಿದೆ, ಕಾದ ಎಣ್ಣೆಯ ಬಿಸಿಗೆ ಗ್ಲುಟನ್ ನಾಶವಾಗುವುದಿಲ್ಲ. ಬಾಗಿಲಲ್ಲಿ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕುತ್ತಿದ್ದರು, ಅದು ಕ್ರಿಮಿಗಳಿಗೆ ಹೊರತು ಕೈಗಂಟಿದ ಹಿಟ್ಟಿಗಲ್ಲ. ಹಿಟ್ಟು ಹೋಗಬೇಕಾದರೆ ಸೋಪು ಹಚ್ಚಿ ನೀರಿನಲ್ಲೇ ತೊಳೆಯಬೇಕು. ಚೀಟಿಯಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ, ಅಡುಗೆಮನೆಯಿಂದ ಹೊರಟಾಗ ಆ ಪದಾರ್ಥದಲ್ಲಿ ಗೋಧಿ ಇದ್ದಿರಲಿಕ್ಕಿಲ್ಲ. ಆದರೆ ನೂರು ಕೈಗಳು ಮುಟ್ಟಿದ ಮೇಲೆ ಆ ಮಾತಿಗೆ ಯಾರು ಹೊಣೆ? ಅಂದು ಮಗಳು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿಕೊಂಡು, ಸಿಪ್ಪೆ ಸುಲಿಯುವ ಬಾಳೆಹಣ್ಣು ತಿಂದಳು.

ರಾತ್ರಿಯ ಊಟದ ಸಭಾಂಗಣದಲ್ಲಿ ಬೇರೆಯದೇ ವ್ಯವಸ್ಥೆಯಿತ್ತು. ಅಲ್ಲಿ ನಮಗೆ ದಿನವೂ ಅದೇ ಮೇಜು, ಅದೇ ಪರಿಚಾರಕರು. ಹೆಡ್ ವೇಟರ್ ಬಂದು ನಮ್ಮ ಅರ್ಜಿಯ ಪ್ರತಿಯನ್ನು ತೋರಿಸಿ, ಮರುದಿನದ ಪಟ್ಟಿಯನ್ನು ಮುಂದಿಟ್ಟು, ಮಗಳಿಗೆ ಬೇಕಾದದ್ದನ್ನು ಹಿಂದಿನ ರಾತ್ರಿಯೇ ಗುರುತು ಹಾಕಿದರೆ ಬೇರೆ ಪಾತ್ರೆಯಲ್ಲಿ, ಬೇರೆ ಹಲಗೆಯ ಮೇಲೆ ಮಾಡಿಸುವುದಾಗಿ ಹೇಳಿದರು. ಪಕ್ಕದಲ್ಲಿ ನೀರಿನ ಹೂಜಿ ಹಿಡಿದು ನಿಂತಿದ್ದ ಯುವಕ ನಮ್ಮ ಮಾತು ಕೇಳಿ ಬೆರಗಾಗಿ, "ಅಕ್ಕ, ನೀವು ಕನ್ನಡದವರಾ? ನಾನು ಬಂಟ್ವಾಳದವ" ಎಂದ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಹಡಗಿನ ಕೆಲಸದಲ್ಲಿದ್ದಾರೆಂದು ಗೊತ್ತಿತ್ತು. ಆದರೂ ಪೆಸಿಫಿಕ್ ಸಾಗರದ ಮೇಲೆ ಆ ದನಿ ಕೇಳಿದಾಗ ಎದೆಯ ಭಾರ ಅರ್ಧ ಇಳಿಯಿತು.

ಎರಡನೆಯ ದಿನವೆಲ್ಲ ಸಮುದ್ರಯಾನ. ಆ ರಾತ್ರಿ ನಮಗಾಗಿ ಅನ್ನ ಮತ್ತು ಬೇಳೆಯ ತೊವ್ವೆ ಮಾಡಿಸಿದ್ದರು. ಪಾತ್ರೆ ಬೇರೆಯೇ ಎಂದು ಕೇಳಿದೆ, ಹೌದೆಂದರು. ಬೇಳೆಗೆ ಹಿಟ್ಟು ಕದಡಿ ಗಟ್ಟಿ ಮಾಡಿದ್ದೀರಾ ಎಂದೆ, ಇಲ್ಲವೆಂದರು. ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಎದ್ದವಳು ಮೂರು ಗಂಟೆಯವರೆಗೂ ವಾಂತಿ ಮಾಡಿಕೊಂಡಳು. ನೆಲದ ಮೇಲೆ ಅಂಥದ್ದಾದರೆ ನೀರು ಕುಡಿಸಿ, ಮಲಗಿಸಿ, ಬೆಳಗಾಗುವುದನ್ನು ಕಾಯುತ್ತೇವೆ. ಹಡಗಿನಲ್ಲಿ ವಾಂತಿಯೆಂದರೆ ಮೊದಲು ಬರುವ ಸಂಶಯ ನೋರೋವೈರಸ್, ಅದು ಒಬ್ಬರಿಂದ ನೂರಾರು ಜನರಿಗೆ ಹರಡಬಲ್ಲದು. ಚಿಕಿತ್ಸಾಲಯದ ವೈದ್ಯೆ ನಮ್ಮ ಪತ್ರವನ್ನು ಪೂರ್ತಿ ಓದಿ, ಇದು ಗ್ಲುಟನ್ನಿನ ಪರಿಣಾಮವೇ ಇರಬಹುದೆಂದು ಒಪ್ಪಿದರೂ, ಸೋಂಕಲ್ಲವೆಂದು ಖಚಿತಪಡಿಸಲಾಗದ ಕಾರಣ ವಾಂತಿ ನಿಂತ ಮೇಲೆ ಕನಿಷ್ಠ 24 ಗಂಟೆ ಅವಳು ಕ್ಯಾಬಿನ್ನಿನಲ್ಲೇ ಇರಬೇಕೆಂದರು. ಪತ್ರವಿದ್ದುದರಿಂದ ನನಗೆ ಜೊತೆಯಲ್ಲಿರಲು ಬಿಟ್ಟರು, ಕಬ್ಬಿಣಾಂಶ ಮತ್ತು ನಿರ್ಜಲೀಕರಣದ ಕಡೆ ಗಮನವಿಟ್ಟು ಉಪಚಾರವನ್ನೂ ಮಾಡಿದರು. ಅವರ ನಿರ್ಧಾರ ಸರಿಯಾದದ್ದೇ. ಆದರೆ ಮರುದಿನ ಹಡಗು ನಿಂತಿದ್ದು ಜೂನೋದಲ್ಲಿ, ಹೊರಗಿನಿಂದ ರಸ್ತೆಯೇ ಇಲ್ಲದ ಅಲಾಸ್ಕಾದ ಆ ರಾಜಧಾನಿಯಲ್ಲಿ. ಅಕ್ಕ, ಭಾವ ಮೆಂಡನ್‌ಹಾಲ್ ಹಿಮನದಿ ನೋಡಲು ಹೋದರು. ಮಗಳು ಕಿಟಕಿಯಿಂದ, ಬಂದರಿನ ಪಕ್ಕದಿಂದಲೇ ರಾಬರ್ಟ್ಸ್ ಬೆಟ್ಟಕ್ಕೆ ಏರುವ ರೋಪ್‌ವೇಯ ಕೆಂಪು ತೊಟ್ಟಿಲುಗಳನ್ನು ಎಣಿಸುತ್ತ ಮಲಗಿದ್ದಳು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬಂಟ್ವಾಳದ ಆ ಹುಡುಗ ಮುಚ್ಚಿದ ಬಟ್ಟಲೊಂದನ್ನು ಹೊಸ್ತಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತಿದ್ದ. "ಅಕ್ಕ, ಗಂಜಿ. ಬೇರೆ ಪಾತ್ರೆಯಲ್ಲಿ ನನ್ನ ಎದುರಿಗೇ ಮಾಡಿಸಿದ್ದು. ಅಕ್ಕಿ, ನೀರು, ಉಪ್ಪು, ಬೇರೆ ಎಂತದ್ದೂ ಇಲ್ಲ. ಕುಚ್ಚಲಕ್ಕಿ ಇಲ್ಲಿ ಸಿಗುದಿಲ್ಲ, ಬೇಜಾರು ಮಾಡ್ಬೇಡಿ" ಎಂದ. ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಹಿಂದಿನ ರಾತ್ರಿ ತೊವ್ವೆಯ ಒಗ್ಗರಣೆಗೆ ಬಳಸಿದ ಇಂಗಿನ ಡಬ್ಬಿಯ ಹಿಂಬದಿ ಅದು. ಸಣ್ಣ ಅಕ್ಷರಗಳಲ್ಲಿ ಗೋಂದು, ಗೋಧಿ ಹಿಟ್ಟು, ಇಂಗು ಎಂದು ಬರೆದಿತ್ತು.

ನಾನು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡವೊಂದರ ಬೇರಿನಿಂದ ಒಸರುವ ಅಂಟು. ಅದರ ಘಾಟು ತಡೆಯಲಾರದಷ್ಟಿರುವುದರಿಂದ ಹಿಟ್ಟು, ಗೋಂದು ಬೆರೆಸಿ ಹದಗೊಳಿಸಿ ಡಬ್ಬಿಗೆ ತುಂಬುತ್ತಾರೆ. ಆ ಹಿಟ್ಟು ಕೆಲವರದು ಅಕ್ಕಿಯದು, ಹಲವರದು ಗೋಧಿಯದು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮನೆಯಲ್ಲಿ ಆರು ವರ್ಷದಿಂದ ಅಕ್ಕಿ ಹಿಟ್ಟಿನ ಇಂಗನ್ನೇ ಹುಡುಕಿ ತರುತ್ತೇನೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎನ್ನುವ ಊರಿನವಳು, ಪಾತ್ರೆ ಕೇಳಿದೆ, ಹಿಟ್ಟು ಕೇಳಿದೆ, ಇಂಗನ್ನು ಕೇಳಲಿಲ್ಲ. ಸೋಯಾ ಸಾಸಿನಲ್ಲಿ ಗೋಧಿಯಿರುವುದು ಆ ಅಡುಗೆಯವರಿಗೆ ನಿದ್ದೆಯಲ್ಲೂ ನೆನಪಿತ್ತು. ಅನ್ನ ಬೇಳೆ ಎಂದಾಗ ಅವರೂ ನಾನೂ ಒಟ್ಟಿಗೆ ಮೈಮರೆತೆವು. ಪರದೇಶದ ತಿನಿಸುಗಳ ಮುಂದೆ ಎಚ್ಚರವಾಗಿರುವ ಕಣ್ಣು ಪರಿಚಿತ ಊಟದ ಮುಂದೆ ಮುಚ್ಚಿಕೊಂಡಿತ್ತು.

ಸಂಜೆ ಹೆಡ್ ವೇಟರ್ ಮತ್ತು ಮುಖ್ಯ ಬಾಣಸಿಗರಲ್ಲೊಬ್ಬರು ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದರು. ನನ್ನ ಚೀಲದಲ್ಲಿದ್ದ ಅಕ್ಕಿ ಹಿಟ್ಟಿನ ಇಂಗಿನ ಪುಟ್ಟ ಡಬ್ಬಿಯನ್ನು ಕೊಡಲು ಹೋದೆ. ಹೊರಗಿನ ಸಾಮಾನು ತಮ್ಮ ಅಡುಗೆಮನೆಗೆ ಬರುವಂತಿಲ್ಲವೆಂದು ಅವರು ವಿನಯದಿಂದಲೇ ನಿರಾಕರಿಸಿದರು. ಇನ್ನು ಮುಂದೆ ಒಗ್ಗರಣೆಗೆ ಜೀರಿಗೆ, ಶುಂಠಿ, ಹಸಿಮೆಣಸು ಮಾತ್ರ ಎಂದು ತೀರ್ಮಾನವಾಯಿತು. ಆ ದಿನದಿಂದ ಮಗಳ ತಟ್ಟೆ ಉಳಿದ ತಟ್ಟೆಗಳ ಜೊತೆಗಲ್ಲದೆ, ಮುಚ್ಚಳ ಹಾಕಿಕೊಂಡು, ಮೇಲೆ ನೇರಳೆ ಬಣ್ಣದ ಪುಟ್ಟ ಚೀಟಿ ಅಂಟಿಸಿಕೊಂಡು ಒಂಟಿಯಾಗಿ ಬರುತ್ತಿತ್ತು. ತಂದವನು ಅದನ್ನು ಮೇಜಿನ ಮೇಲೆ ಇಡುವ ಮುನ್ನ ಚೀಟಿಯಲ್ಲಿ ಬರೆದ ಪದಾರ್ಥಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದ. ಬ್ರೆಡ್ಡನ್ನು ಮೊಹರಾದ ಹಾಳೆಯ ಸಮೇತ ಬಿಸಿಮಾಡಿ, ಆ ಹಾಳೆಯನ್ನು ಅವಳೇ ಬಿಚ್ಚಿಕೊಳ್ಳಲೆಂದು ಹಾಗೆಯೇ ಕೊಡುತ್ತಿದ್ದರು. ಎಲ್ಲರೂ ಬಳಸುವ ಟೋಸ್ಟರಿನ ಹತ್ತಿರಕ್ಕೂ ಅದು ಹೋಗುತ್ತಿರಲಿಲ್ಲ.

ಮುಂದಿನ ಬಂದರು ಸ್ಕ್ಯಾಗ್ವೇಯಲ್ಲಿ ಮಗಳು ಕಾಲಮೇಲೆ ನಿಂತಿದ್ದಳು. 1898ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ವೈಟ್ ಪಾಸ್ ರೈಲುಮಾರ್ಗದ ಮರದ ಬೋಗಿಯಲ್ಲಿ, ಕಮರಿಯ ಅಂಚಿನಲ್ಲಿ ತೆವಳುತ್ತ ಮೇಲೇರುವಾಗ ನಮ್ಮ ಮಧ್ಯಾಹ್ನದ ಊಟ ಕಡಲೆಕಾಯಿ ಮಿಠಾಯಿ ಮತ್ತು ಮಖಾನಾ. ಹಡಗಿನ ತಟ್ಟೆಯ ಊಟವನ್ನು, ಹಣ್ಣನ್ನು ದಡಕ್ಕೆ ಒಯ್ಯುವಂತಿರಲಿಲ್ಲ. ಚಿನ್ನ ಹುಡುಕಿಕೊಂಡು ಕ್ಲಾಂಡೈಕಿಗೆ ಈ ಬೆಟ್ಟ ಹತ್ತಿದವರು ಒಂದು ವರ್ಷಕ್ಕೆ ಸಾಲುವಷ್ಟು ಆಹಾರವನ್ನು ಹೊತ್ತು ತಂದರೆ ಮಾತ್ರ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿದ್ದರೆಂದು, ಆ ಹೊರೆಯಲ್ಲಿ ದೊಡ್ಡ ಪಾಲು ಗೋಧಿ ಹಿಟ್ಟೇ ಆಗಿತ್ತೆಂದು ಭಾವ ಹೇಳಿದರು. "ಹಾಗಾದರೆ ನಾನು ಅಕ್ಕಿ ಮೂಟೆ ಹೊರಬೇಕಿತ್ತು, ಅಲ್ಲವಾ ದೊಡ್ಡಮ್ಮ?" ಎಂದು ಮಗಳು ಕೇಳಿದಳು. ಎರಡು ದಿನಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ಪ್ರವಾಸಿ ಹಡಗುಗಳಿಗೆ ಪ್ರವೇಶ. ಬೆಳಿಗ್ಗೆ ಉದ್ಯಾನದ ರೇಂಜರುಗಳು ಹಡಗು ಹತ್ತಿದರು. ಮಾರ್ಜರಿ ಹಿಮನದಿಯ ಮುಂದೆ ಹಡಗು ಹೆಚ್ಚುಕಡಿಮೆ ನಿಂತೇಬಿಟ್ಟಿತು. ನೀರಿನಿಂದ ಸುಮಾರು 250 ಅಡಿ ಎದ್ದ ನೀಲಿ ಗೋಡೆ. ಗುಡುಗಿನಂಥ ಸದ್ದು ಮೊದಲು ಕೇಳುತ್ತಿತ್ತೋ ಹಿಮದ ಬಂಡೆ ಕಳಚಿ ಬೀಳುವುದು ಮೊದಲು ಕಾಣುತ್ತಿತ್ತೋ ಹೇಳಲಾರೆ. ಚಳಿಯಲ್ಲಿ ನಡುಗುತ್ತಿದ್ದ ಜನರಿಗೆ ಡೆಕ್ಕಿನ ಮೇಲೆಯೇ ಬಿಸಿ ಸೂಪಿನ ಲೋಟಗಳನ್ನು ಹಂಚುತ್ತ ಬಂದರು. ಮಗಳ ಕೈ ಮುಂದೆ ಚಾಚಿತು, ನಿಂತಿತು. ಇದನ್ನು ಮೈದಾ ಹಾಕಿ ಗಟ್ಟಿ ಮಾಡಿದ್ದೀರಾ ಎಂದು ಅವಳೇ ಕೇಳಿದಳು. ಹಂಚುತ್ತಿದ್ದಾಕೆ ಊಹೆಯ ಉತ್ತರ ಕೊಡಲಿಲ್ಲ, ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಹೋಗಿ ಹತ್ತು ನಿಮಿಷದ ಮೇಲೆ ಬಂದು, ಹೌದು, ಇದು ನಿನಗೆ ಆಗುವುದಿಲ್ಲ ಎಂದು ಹೇಳಿ, ಬದಲಿಗೆ ಬಿಸಿ ಚಾಕೊಲೇಟ್ ತಂದುಕೊಟ್ಟಳು. ಆ ಪುಡಿಯ ಪೊಟ್ಟಣವನ್ನೂ ಓದಿಕೊಳ್ಳಲೆಂದು ಜೊತೆಗೇ ತಂದಿದ್ದಳು. ಆಗುವುದಿಲ್ಲ ಎಂಬ ಆ ಮಾತು ನನಗೆ ಕೊಟ್ಟ ನೆಮ್ಮದಿಯನ್ನು, ಪರವಾಗಿಲ್ಲ ಎಂಬ ಯಾವ ಮಾತೂ ಕೊಟ್ಟಿರಲಿಲ್ಲ.

ಅಲಾಸ್ಕಾದ ಇನ್ನೊಂದು ಬಂದರು ಕೆಚಿಕನ್ ಮಳೆಯಲ್ಲಿ ಕಳೆಯಿತು. ಕೆನಡಾದ ವಿಕ್ಟೋರಿಯಾಕ್ಕೆ ತಲುಪಿದ್ದು ರಾತ್ರಿ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಪರದೇಶದ ಬಂದರನ್ನು ಮುಟ್ಟಬೇಕೆಂಬ 1886ರ ಕಾನೂನೊಂದಿದೆಯಂತೆ, ಆ ಭೇಟಿ ಅದಕ್ಕಾಗಿಯೇ. ದಡದಲ್ಲಿ ಏನನ್ನೂ ತಿನ್ನದೆ, ದೀಪ ಹಚ್ಚಿದ ಪ್ರಾಂತೀಯ ಶಾಸನಸಭೆಯ ಭವನವನ್ನು ನೋಡಿ ಮರಳಿದೆವು. ಕೊನೆಯ ರಾತ್ರಿ ಬಂಟ್ವಾಳದ ಹುಡುಗ ಶುಂಠಿ ಒಗ್ಗರಣೆಯ ತೊವ್ವೆ ಬಡಿಸುತ್ತ, ತನ್ನ ಅತ್ತಿಗೆಗೂ ಊರಿಗೆ ಫೋನು ಮಾಡಿ ಇಂಗಿನ ಡಬ್ಬಿ ಓದಲು ಹೇಳಿದ್ದೇನೆ ಎಂದ.

ಬೆಲ್‌ವ್ಯೂಗೆ ಮರಳಿದ ಮಧ್ಯಾಹ್ನ ಅಕ್ಕನ ಜೊತೆ ಭಾರತೀಯ ದಿನಸಿ ಅಂಗಡಿಗೆ ಹೋದೆವು. ಮಸಾಲೆಯ ಸಾಲಿನಲ್ಲಿ ಐದು ಬಗೆಯ ಇಂಗಿನ ಡಬ್ಬಿಗಳಿದ್ದವು. ಮಗಳು ಒಂದೊಂದನ್ನೇ ತಿರುಗಿಸಿ, ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದಳು. ಮೂರರಲ್ಲಿ ಗೋಧಿಯಿತ್ತು. ಅವುಗಳನ್ನು ಹಿಂದಕ್ಕಿಟ್ಟು ಉಳಿದೆರಡರಲ್ಲಿ ಒಂದನ್ನು ದೊಡ್ಡಮ್ಮನ ಬುಟ್ಟಿಗೆ ಹಾಕಿದಳು.